ಬೂದಿಯ ಕಣದಿಂದ ಹವಾಮಾನದ ಕಾಲ

ಪ್ರಶ್ನೆ: ಕಣ್ಣಿಗೇ ಕಾಣದಷ್ಟು ಕಡಿಮೆ ಇರುವ ಜ್ವಾಲಾಮುಖಿ ಬೂದಿಯನ್ನು ಕೆರೆಯ ಕೆಸರಿನಿಂದ ಬೇರ್ಪಡಿಸುವುದು ಹೇಗೆ? ಅದರಿಂದ ಏನು ಗೊತ್ತಾಗುತ್ತದೆ?

ಉತ್ತರ: ಕೆಸರನ್ನು ಒಂದೊಂದು ಸೆಂಟಿಮೀಟರಿಗೆ ಕತ್ತರಿಸಿ, ಆಮ್ಲದಲ್ಲಿ ಜೈವಿಕ ಅಂಶ ಕರಗಿಸಿ, 80 ಮತ್ತು 25 ಮೈಕ್ರಾನ್ ಜರಡಿಗಳ ನಡುವೆ ಉಳಿದದ್ದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಆಮೇಲೆ ಅದನ್ನು ಸೋಡಿಯಂ ಪಾಲಿಟಂಗ್‌ಸ್ಟೇಟ್ ಎಂಬ, ನೀರಿಗಿಂತ ಭಾರವಾದ ದ್ರಾವಣಕ್ಕೆ ಹಾಕುತ್ತಾರೆ. ಸಾಂದ್ರತೆಯನ್ನು ನೀರಿನ 2.5 ಪಟ್ಟು ಇಟ್ಟರೆ, ಬೂದಿಯಲ್ಲಿನ ಸಿಲಿಕಾ ಹೆಚ್ಚಿರುವ ಗಾಜಿನ ಚೂರುಗಳು ತೇಲುತ್ತವೆ, ಸ್ಫಟಿಕಶಿಲೆ ತಳ ಸೇರುತ್ತದೆ. ಎಡವುವುದು ಇಲ್ಲೇ: ಸಿಲಿಕಾ ಕಡಿಮೆ ಇರುವ ಬಸಾಲ್ಟ್ ಬೂದಿ ಭಾರ, ಅದೂ ಮುಳುಗುತ್ತದೆ. ಆದ್ದರಿಂದ ತಳದ ಭಾಗವನ್ನು ದಯವಿಟ್ಟು ಚೆಲ್ಲಬೇಡಿ.

ಚೂರುಗಳ ರಾಸಾಯನಿಕ ಗುರುತನ್ನು, ಅಂದರೆ ಬೂದಿ ಯಾವ ಜ್ವಾಲಾಮುಖಿಯದು ಎಂಬ ಸುಳಿವನ್ನು, ಎಲೆಕ್ಟ್ರಾನ್ ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ಎಲೆಕ್ಟ್ರಾನ್ ಮೈಕ್ರೊಪ್ರೋಬ್ ಉಪಕರಣ ಹೇಳುತ್ತದೆ. ಕಿರಣವನ್ನು ತೀರಾ ಕಿರಿದಾಗಿಸಿದರೆ ಸೋಡಿಯಂ ಜಾಗ ಬಿಟ್ಟು ಸರಿಯುತ್ತದೆ, ಲೆಕ್ಕ ಕಡಿಮೆ ಬರುತ್ತದೆ.

ಬೂದಿಯ ಪದರಗಳಿಂದ ಕಾಲ ಗುರುತಿಸುವ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರು ಐಸ್‌ಲ್ಯಾಂಡಿನ ಸಿಗುರ್ದುರ್ ಥೋರಾರಿನ್ಸನ್. ಅಲ್ಲಿನ ಹೆಕ್ಲಾ ಜ್ವಾಲಾಮುಖಿಯ ಬೂದಿಯಷ್ಟೇ ಆಸ್ಥೆಯಿಂದ ವಾಟ್ನಯೋಕುಲ್ ಹಿಮರಾಶಿಯನ್ನೂ ಅಭ್ಯಾಸ ಮಾಡಿದವರು. ಐಸ್‌ಲ್ಯಾಂಡಿನದೇ ಆದ ಕಾಟ್ಲಾ ಜ್ವಾಲಾಮುಖಿ ಸುಮಾರು 12,100 ವರ್ಷಗಳ ಹಿಂದೆ ಉಗುಳಿದ ವೆಡ್ಡೆ ಬೂದಿ ನಾರ್ವೆಯ ಕೆರೆಗಳಲ್ಲೂ ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಇದೆ. ಎರಡೂ ಕಡೆ ಅದು ಒಂದೇ ಗಳಿಗೆಯ ಗೆರೆ. ಆ ಗೆರೆಯಿಂದ ಮೇಲೆ ಕೆಳಗೆ ಎಣಿಸಿದರೆ ಹಿಮಯುಗದ ಕೊನೆಯ ಚಳಿ ಎಲ್ಲಿ ಮೊದಲು ಸಡಿಲಿತು ಎಂದು ಹೋಲಿಸಬಹುದು. ಜೈವಿಕ ಅವಶೇಷದಲ್ಲಿ ಉಳಿದ ವಿಕಿರಣಶೀಲ ಇಂಗಾಲದಿಂದ ವಯಸ್ಸು ಅಳೆಯುವ ರೇಡಿಯೊಕಾರ್ಬನ್ ವಿಧಾನ ಒಂದರಿಂದಲೇ ಅಷ್ಟು ನಿಖರತೆ ಸಿಗುವುದಿಲ್ಲ.