ಹಿಂದೆ ಕೂತ ಹಾರ್ನ್ ಹಿಂದೆಯೇ ಕೇಳಿಸಲಿ

ನಮಸ್ಕಾರ.

ಕಂಪ್ಯೂಟರಿನ ಆರ್ಕೆಸ್ಟ್ರಾ ವಾದ್ಯಗಳನ್ನು ದೊಡ್ಡ ಸಭಾಂಗಣದಲ್ಲಿ ನುಡಿಸಿದ ಹಾಗೆ ಕೇಳಿಸುವುದು ಹೇಗೆ ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಮನೆಯಲ್ಲೇ ಕೂತು ಸಂಗೀತ ಕಟ್ಟುವವರಿಗೆ ಕನ್ನಡದಲ್ಲಿ ಇಂಥ ಬರಹ ಬೇಕೇ ಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ತಪ್ಪು. 'ಹಿಂದಿನ ಸಾಲಿನ ಹಾರ್ನ್ (ಹಿತ್ತಾಳೆಯ ಊದುವ ವಾದ್ಯ) ದೂರ ಅನ್ನಿಸಲು ಪ್ರಿ-ಡಿಲೇ ಹೆಚ್ಚಿಸಿ' ಎಂದಿದ್ದೀರಿ. ಪ್ರಿ-ಡಿಲೇ ಅಂದರೆ ನೇರ ಸದ್ದು ಬಂದ ಮೇಲೆ ಪ್ರತಿಧ್ವನಿ ಶುರುವಾಗುವವರೆಗಿನ ಅಂತರ. ಆಗುವುದು ಉಲ್ಟಾ, ವಾದ್ಯ ದೂರ ಹೋದಷ್ಟೂ ಆ ಅಂತರ ಕಡಿಮೆಯಾಗುತ್ತದೆ. ನೀವೇ ಹೆಸರಿಸಿದ ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣವನ್ನು ತೆಗೆದುಕೊಳ್ಳಿ. ಅದರ ಅಗಲ ಸುಮಾರು 19 ಮೀಟರ್. ನಟ್ಟನಡುವೆ ಮೈಕ್, ಅದರ ಎದುರಿಗೆ 5 ಮೀಟರ್ ದೂರದಲ್ಲಿ ವಯಲಿನ್ ಇದೆ ಅನ್ನಿ. ಪಕ್ಕದ ಗೋಡೆಗೆ ಬಡಿದು ಬರುವ ಸದ್ದು 19.6 ಮೀಟರ್ ಸಾಗಬೇಕು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ ನೇರ ಸದ್ದು ತಲುಪಿದ 43 ಮಿಲಿಸೆಕೆಂಡ್ ಬಳಿಕ ಗೋಡೆಯ ಸದ್ದು ಬರುತ್ತದೆ. ಹಾರ್ನ್ 15 ಮೀಟರ್ ದೂರದಲ್ಲಿದ್ದರೆ ಆ ಅಂತರ 27ಕ್ಕೆ ಇಳಿಯುತ್ತದೆ. ನೇರ ಸದ್ದೂ ಸಣ್ಣದಾಗುತ್ತದೆ. ಅದಲ್ಲದೆ ಹಾರ್ನಿನ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ಅದರ ದನಿ ಗೋಡೆಗೆ ತಾಗಿಯೇ ಕೇಳುಗರ ಕಡೆ ಬರಬೇಕು. ಎಷ್ಟು ಚೆಂದದ ವಿಷಯ ಅಲ್ವಾ? ಇದಕ್ಕೆ ನೀವು ಕೊಟ್ಟಿದ್ದು ಒಂದು ಸಾಲು, ಪ್ಲಗಿನ್‌ಗಳ (ಸದ್ದು ತಿದ್ದುವ ಪುಟ್ಟ ಸಾಫ್ಟ್‌ವೇರ್‌ಗಳ) ಪಟ್ಟಿಗೆ ಎರಡು ಪುಟ. ಆ ಪಟ್ಟಿ ತೆಗೆದುಬಿಡಿ. ಓದುಗರು ವಾದ್ಯಗಳನ್ನು ಎಲ್ಲೆಲ್ಲಿ ಕೂರಿಸಬೇಕೆಂದು ಯೋಚಿಸುವಂತಾಗಲಿ.

'ಎಲ್ಲ ಲೈಬ್ರರಿಗೂ ಒಂದೇ ರಿವರ್ಬ್ ಸಾಕು' ಎಂಬ ಮಾತನ್ನೂ ಒಪ್ಪಲಾರೆ. ಲೈಬ್ರರಿ ಅಂದರೆ ನಿಜವಾದ ವಾದ್ಯಗಳಿಂದ ಮುದ್ರಿಸಿಕೊಂಡ ಸ್ವರಗಳ, ಅಂದರೆ ಸ್ಯಾಂಪಲ್‌ಗಳ, ಸಂಗ್ರಹ. ರಿವರ್ಬ್ ಅಂದರೆ ಅದಕ್ಕೆ ನಾವು ಸೇರಿಸುವ ಸಭಾಂಗಣದ ಪ್ರತಿಧ್ವನಿ. ವಿಯೆನ್ನಾ ಸಿಂಫೋನಿಕ್ ಲೈಬ್ರರಿಯ ಹಳೆಯ ಸ್ಯಾಂಪಲ್‌ಗಳನ್ನು ಸೈಲೆಂಟ್ ಸ್ಟೇಜ್ ಎಂಬ, ಪ್ರತಿಧ್ವನಿ ತೀರಾ ಕಡಿಮೆ ಇರುವ ಕೋಣೆಯಲ್ಲಿ ಹಿಡಿದಿದ್ದಾರೆ. ಸ್ಪಿಟ್‌ಫೈರ್ ಕಂಪನಿಯ ಸಿಂಫನಿ ಆರ್ಕೆಸ್ಟ್ರಾ ಲೈಬ್ರರಿ ಲಂಡನ್ನಿನ ಲಿಂಡ್‌ಹರ್ಸ್ಟ್ ಹಾಲ್‌ನದು. ಅದು ಹಿಂದೆ ಚರ್ಚ್ ಆಗಿತ್ತು, ಆ ಜಾಗದ ಗುಣ ಸ್ಯಾಂಪಲ್‌ನಲ್ಲೇ ಬಂದಿದೆ. ಅದರ ಮೇಲೆ ಇನ್ನೊಂದು ಸಭಾಂಗಣ ಹೇರಿದರೆ ಎಲ್ಲ ಕಲಸಿಹೋಗುತ್ತದೆ. ಅಲ್ಲಿ ಹತ್ತಿರದ ಮತ್ತು ದೂರದ ಮೈಕ್‌ಗಳನ್ನು ಹೊಂದಿಸುವುದೇ ಮುಖ್ಯ ಕೆಲಸ.

ಬಾಸ್ಟನ್ ಸಿಂಫನಿ ಹಾಲ್‌ಗೆ (1900) ಧ್ವನಿ ಸಲಹೆಗಾರರಾಗಿದ್ದ ಭೌತವಿಜ್ಞಾನಿ ಸೇಬಿನ್ ಅವರ ಪರಿಚಯ ಆರಂಭದಲ್ಲಿ ಸುಮ್ನೆ ಕೂತಿದೆ. ಸೀಟಿನ ಮೆತ್ತೆ ಸದ್ದನ್ನು ಎಷ್ಟು ಹೀರುತ್ತದೆ ಎಂದು ಅವರು ಅಳೆದಿದ್ದರು. ಅದನ್ನು ಇಂಪಲ್ಸ್ ರೆಸ್ಪಾನ್ಸ್ (ಒಂದು ಸಭಾಂಗಣದ ಪ್ರತಿಧ್ವನಿಯನ್ನು ಹಿಡಿದಿಟ್ಟ ಧ್ವನಿಮುದ್ರಣ) ಭಾಗಕ್ಕೆ ತನ್ನಿ. ಯಾಕೆಂದರೆ ಆ ಧ್ವನಿಮುದ್ರಣಗಳನ್ನು ಸಾಮಾನ್ಯವಾಗಿ ಖಾಲಿ ಸಭಾಂಗಣದಲ್ಲಿ ಮಾಡುತ್ತಾರೆ. ಮ್ಯೂಸಿಕ್‌ಫೆರೈನ್‌ನಲ್ಲಿ ಸದ್ದು ಅಡಗಲು ಖಾಲಿ ಇದ್ದಾಗ ಸುಮಾರು 3 ಸೆಕೆಂಡ್, ಜನ ತುಂಬಿದಾಗ ಸುಮಾರು 2 ಸೆಕೆಂಡ್ ಬೇಕು. ಪ್ರತಿಧ್ವನಿಯ ಬಾಲವನ್ನು ಎಷ್ಟು ಮೊಟಕು ಮಾಡಬೇಕು ಅಂತ ಓದುಗರಿಗೆ ಹೇಳಿ.

ನಿಮ್ಮ ಭಾಷೆ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತಿದ್ದಿ ಕಳಿಸುವಾಗ ಎರಡು ಧ್ವನಿ ತುಣುಕುಗಳನ್ನೂ ಸೇರಿಸಿ. ಹಾರ್ನಿನ ಅದೇ ಸ್ವರ ಒಂದರಲ್ಲಿ 43, ಇನ್ನೊಂದರಲ್ಲಿ 27 ಮಿಲಿಸೆಕೆಂಡ್ ಪ್ರಿ-ಡಿಲೇಯಲ್ಲಿ ಇರಲಿ. ಲೇಖನದ ಜೊತೆಗೇ ಹಾಕುತ್ತೇವೆ.