ಆ ರಾತ್ರಿ ತಡಿಕೆ ಕಟ್ಟಿದ್ದು ಯಾರು?

ಮಧುಗಿರಿ ಕಡೆಯಿಂದ ಆಪ್ತ ಸಲಹೆಗೆಂದು ನನ್ನ ಹತ್ತಿರ ಬರುವ ನೆರೆಹೊರೆಯ ಜಗಳಗಳಲ್ಲಿ ಬದುವಿನದ್ದು ಬಿಟ್ಟರೆ ಕುರಿಯದ್ದೇ ಜಾಸ್ತಿ. ಇದೊಂದನ್ನು ಬರೆಯುತ್ತಿರುವುದು ನಾನು ಕೊಟ್ಟ ಸಲಹೆ ನನಗೇ ಇನ್ನೂ ಚುಚ್ಚುತ್ತಿರುವುದರಿಂದ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರು ಕುರಿ ಸಾಕುವವರು, ಐವತ್ತರ ಹತ್ತಿರ. ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದು ಹೆಂಡತಿ ಕರೆತಂದಿದ್ದರು. ಒಂದು ರಾತ್ರಿ ಇವರ 11 ಕುರಿಗಳು ರೊಪ್ಪದ, ಅಂದರೆ ಕುರಿ ಕೂಡುವ ಬೇಲಿಯ, ಬಾಗಿಲ ತಡಿಕೆ ದಾಟಿ ತಪ್ಪಿಸಿಕೊಂಡು ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿದ್ದವು. ತೆನೆ ಹಾಲುಗಾಳಾಗಿದ್ದ ಹೊತ್ತು. ಪಕ್ಕದವರೂ ಕುರಿ ಸಾಕುವವರೇ. ಹಿಡಿದು ತಮ್ಮ ಕೊಟ್ಟಿಗೆಗೆ ಕೂಡಿದವರು ಎರಡು ರಾತ್ರಿ ಬಾಯಿ ಬಿಡಲಿಲ್ಲ. ಇತ್ತ ಬುಟ್ಟಿಯಡಿಯ ಮರಿಗಳು ಹಾಲಿಲ್ಲದೆ ಅರಚಿ ಅರಚಿ, ಒಂದು ಸತ್ತೇ ಹೋಯಿತು. ಇವರು ಕಳ್ಳತನ ಅಂದರು, ಅವರು ಬೆಳೆ ಹಾಳಾಯ್ತು ಅಂದರು. ಊರ ಹಿರಿಯರು ಸೇರಿದರು.

ಎರಡು ಸಲ ಬಂದಾಗಲೂ ಬರೀ ಪಕ್ಕದವರ ಮೇಲಿನ ದೂರು. ಮೂರನೇ ಸಲ ಹೆಂಡತಿಯನ್ನು ಹೊರಗೆ ಕೂರಿಸಿ ಸುಮ್ನೆ ಕೇಳಿದೆ, ‘ಆ ರಾತ್ರಿ ತಡಿಕೆ ಕಟ್ಟಿದ್ದು ಯಾರು?’

‘ಮಗ.’

‘ಗಟ್ಟಿಯಾಗಿ ಕಟ್ಟಿದ್ನಾ?’

ಹೆಗಲ ಟವೆಲ್ ತೆಗೆದು ಹಗ್ಗದ ಹಾಗೆ ಹುರಿ ಮಾಡತೊಡಗಿದರು. ಬಿಚ್ಚಿದರು, ಮತ್ತೆ ಹುರಿ ಮಾಡಿದರು.

‘ಕಟ್ಟಿರ್ಲಿಲ್ಲ ಮೇಡಂ. ಫೋನ್ ನೋಡ್ಕಂಡು ಹಂಗೇ ಒರಗಿಸಿ ಬಂದಿದ್ದ. ಬೆಳಗ್ಗೆ ನೋಡ್ದೆ, ಹಗ್ಗ ಗೂಟದಾಗೇ ಸುತ್ತಿತ್ತು. ಗೊತ್ತಿದ್ದೂ ಗುಡಿ ಮುಂದೆ ಕರ್ಪೂರ ಆರಿಸಿ ಆಣೆ ಮಾಡಿಬಿಟ್ಟೆ. ಪಕ್ಕದವ್ನೇ ಬಿಚ್ಚಿದ್ದು ಅಂದೆ.’

ನಿದ್ದೆ ಹೋಗಿದ್ದು ಕುರಿಯಿಂದಲ್ಲ, ಕರ್ಪೂರದಿಂದ.

ನಾನು ಹೇಳಿದ್ದು ಇಷ್ಟು: ಮಗನನ್ನು ಕಳಿಸಬೇಡಿ, ಹಿರಿಯರನ್ನು ಕರೆದೊಯ್ಯಬೇಡಿ. ನೀವೊಬ್ಬರೇ ಹೋಗಿ ‘ತಡಿಕೆ ಕಟ್ಟಿರಲಿಲ್ಲ, ಆಣೆ ಸುಳ್ಳು’ ಅನ್ನಿ. ಸತ್ತ ಮರಿಯ ಮಾತನ್ನು ಅವತ್ತೇ ಎತ್ತಬೇಡಿ. ಇಬ್ಬರೂ ಹೊಲಕ್ಕೆ ಹೋಗಿ ಎಷ್ಟು ಸಾಲು ಮೇಯ್ದಿದೆ ಎಂದು ಎಣಿಸಿ, ಅಷ್ಟು ರಾಗಿ ಕೊಡಿ.

ವಕೀಲ ಸ್ನೇಹಿತರೊಬ್ಬರು ಬೈದರು. ಪಕ್ಕದವರ ತಪ್ಪೇನು ಕಮ್ಮಿಯೇ ಎಂದು. ನಿಜ. 1871ರಲ್ಲೇ ಬ್ರಿಟಿಷರು ಮಾಡಿದ ಕಾಯ್ದೆಯಲ್ಲಿ ‘ದನ’ ಅಂದರೆ ಕುರಿ, ಮೇಕೆಯೂ ಸೇರಿತ್ತು. ಬೆಳೆ ಮೇಯ್ದದ್ದನ್ನು ಹಿಡಿದವರು 24 ಗಂಟೆಯೊಳಗೆ ಸರ್ಕಾರಿ ದೊಡ್ಡಿಗೆ ಕಳಿಸಬೇಕಿತ್ತು, ಮನೆಯಲ್ಲಿ ಕೂಡಿಕೊಂಡು ಕೂರುವಂತಿರಲಿಲ್ಲ. ಅದನ್ನು ಮೊದಲೇ ಹೇಳಿದ್ದರೆ ಇವರು ಕಾನೂನನ್ನೇ ಹಿಡಿದುಕೊಂಡು ಕರ್ಪೂರವನ್ನು ಮರೆಯುತ್ತಿದ್ದರು. ಅದಕ್ಕೇ ಹೇಳಲಿಲ್ಲ. ಇನ್ನೊಂದು ಭಯವೂ ಇತ್ತು. ಇಂಥ ಸಿಟ್ಟು ಮುಂದಿನ ಸುಗ್ಗಿಯಲ್ಲಿ ಬದುವಿನ ಮೇಲೆ ವಿಷ ಬೆರೆಸಿದ ಹಿಂಡಿಯಾಗುವುದನ್ನು ಕಂಡಿದ್ದೇನೆ. ಪ್ರಾಣಿಗೆ ವಿಷ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲಾಗಬಹುದು. ಅಲ್ಲಿಗೆ ಹೋದ ಮೇಲೆ ನನ್ನಂಥವರಿಗೆ ಕೆಲಸವಿರುವುದಿಲ್ಲ.

ಚುಚ್ಚುವುದು ಇದು: ಅವರು ಹೋಗಿ ಹೇಳಿದ ವಾರದಲ್ಲೇ ಮಾತು ಊರೆಲ್ಲ ಹರಡಿತು. ಹಿರಿಯರು ದಂಡ ಹಾಕಿದರು. ಮಗ ಅಪ್ಪನ ಜತೆ ತಿಂಗಳು ಮಾತಾಡಲಿಲ್ಲ. ಅವನನ್ನೂ ಒಂದು ಸಲ ಕೂರಿಸಿಕೊಂಡು ಮಾತಾಡಬೇಕಿತ್ತು. ಮಾಡಲಿಲ್ಲ.

ಮೊನ್ನೆ ಹೆಂಡತಿ ಫೋನ್ ಮಾಡಿದ್ದರು. ಪಕ್ಕದವರು ರಾಗಿ ತಗೊಂಡರಂತೆ, ಮಾತು ಇನ್ನೂ ಇಲ್ಲವಂತೆ. ಆದರೆ ಕುರಿ ಬದು ದಾಟಿದರೆ ಒಂದು ಮಿಸ್ಡ್ ಕಾಲ್ ಕೊಡುತ್ತಾರಂತೆ.

‘ಇವರಿಗೆ ನಿದ್ದೆ?’ ಅಂದೆ.

‘ಗೊರಕೆ ತಡ್ಯಕಾಗಲ್ಲ’ ಅಂದರು.