ಬಿಸಿಲುಣ್ಣುವ ಹುಳು, ಕಳೆದುಹೋದ ಎರಡು ಅಂಕ

ಪತ್ರ: ನಿಮ್ಮ ಮಕ್ಕಳ ಪುಟದಲ್ಲಿ ಬಿಸಿಲುಣ್ಣುವ ಕಡಲಹುಳುವಿನ ಬಗ್ಗೆ ಓದಿದ ನನ್ನ ಮಗಳು, ‘ಸಸ್ಯಗಳು ಮಾತ್ರ ಆಹಾರ ತಯಾರಿಸುತ್ತವೆ’ ಎಂಬ ಪ್ರಶ್ನೆಗೆ ‘ತಪ್ಪು’ ಎಂದು ಬರೆದು 2 ಅಂಕ ಕಳೆದುಕೊಂಡಳು. ಏಳನೇ ತರಗತಿಯವರಿಗೆ ಇಂಥ ಅಪವಾದ ಹೇಳಿ ಯಾಕೆ ತಲೆಕೆಡಿಸುತ್ತೀರಿ?
– ಓದುಗರೊಬ್ಬರು, ಕಾಪು

ಉತ್ತರ: ಪಾಠಕ್ಕೊಂದು ನಿಯಮ ಬೇಕು, ಒಪ್ಪಿದೆ. ಆದರೆ ಸ್ವಾಮೀ, ನಿಮ್ಮ ಮಗಳು ಬರೆದದ್ದೇ ಸರಿ. ಹುಳುವಿನ ಮಾತು ಹಾಗಿರಲಿ, ನೀಲಿ-ಹಸಿರು ಪಾಚಿ ಎನ್ನುತ್ತೇವಲ್ಲ, ಅದು ಸಸ್ಯವೇ ಅಲ್ಲ, ಬ್ಯಾಕ್ಟೀರಿಯ. ಅದೂ ಬಿಸಿಲಿನಿಂದಲೇ ಆಹಾರ ಮಾಡಿಕೊಳ್ಳುತ್ತದೆ.

ಇನ್ನು ಹುಳು. ಅಮೆರಿಕದ ಪೂರ್ವ ಕರಾವಳಿಯ ಎಲಿಸಿಯ ಕ್ಲೊರೊಟಿಕ, ಚಿಪ್ಪಿಲ್ಲದ ಬಸವನಹುಳುವಿನಂಥದ್ದು. 2–3 ಸೆಂಟಿಮೀಟರ್ ಉದ್ದ, ನೋಡಲು ಥೇಟ್ ಎಲೆ. ಪಾಚಿಯ ಎಳೆಗೆ ತೂತು ಕೊರೆದು ರಸ ಹೀರಿ, ಉಳಿದದ್ದನ್ನೆಲ್ಲ ಜೀರ್ಣಿಸಿಕೊಂಡು, ಬಿಸಿಲಿನಿಂದ ಆಹಾರ ತಯಾರಿಸುವ ಹಸಿರು ಕಣಗಳಾದ ಕ್ಲೋರೊಪ್ಲಾಸ್ಟ್‌ಗಳನ್ನು ಮಾತ್ರ ತನ್ನ ಜೀವಕೋಶದೊಳಗೆ ಜೋಪಾನ ಮಾಡುತ್ತದೆ. ಬೆಳಕಿದ್ದರೆ ಮೇವಿಲ್ಲದೆ 9 ತಿಂಗಳು ಬದುಕಿದ್ದುಂಟು. ಈ ಕಣಗಳು ಕೆಲಸ ಮಾಡಲು ಬೇಕಾದ ಪಾಚಿಯ ಜೀನೇ ಹುಳುವಿಗೆ ಬಂದಿದೆ ಎಂದು 2008ರಲ್ಲಿ ವಿಜ್ಞಾನಿ ಮೇರಿ ರಂಫೋ ತಂಡ ಹೇಳಿತು. 2013ರಲ್ಲಿ ಅದೇ ಹುಳುವಿನ ಮೊಟ್ಟೆಯ ಡಿಎನ್‌ಎ ತಡಕಿದವರಿಗೆ ಅದರ ಸುಳಿವೇ ಸಿಗಲಿಲ್ಲ. ಇದೇ ಬಳಗದ ಬೇರೆ ಎರಡು ಜಾತಿಯ ಹುಳುಗಳನ್ನು ಕತ್ತಲಲ್ಲಿ ಉಪವಾಸ ಕೆಡವಿದರೆ, ಅವೂ ತಿಂಗಳುಗಟ್ಟಲೆ ಬದುಕಿದವು! ಹಾಗಾದರೆ ಆ ಹಸಿರು ಅಡುಗೆಮನೆಯೋ, ಬರಿಯ ಕಣಜವೋ? ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ‘ಅರ್ಧ ಪ್ರಾಣಿ, ಅರ್ಧ ಗಿಡ’ ಎಂಬ ವಿಡಿಯೊ ಮನೆಮನೆಗೆ ಬರುತ್ತದೆ, 2013ರ ತಿದ್ದುಪಡಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಕನ್ನಡದ ಓದುಗರಿಗೆ ಬೆರಗು ಸಾಕು, ಸಂಶಯ ಬೇಡ ಎಂದು ತೀರ್ಮಾನಿಸಿದವರು ಯಾರು?

ಚಿಕ್ಕಂದಿನಲ್ಲಿ ಉದ್ಯಾವರ ಹೊಳೆಯಲ್ಲಿ ಮರುವಾಯಿ (ಕೆಸರಿನಲ್ಲಿ ಹುದುಗಿರುವ ಚಿಪ್ಪುಜೀವಿ) ಹೆಕ್ಕುತ್ತಿದ್ದ ಅಕ್ಕನೊಬ್ಬರನ್ನು, ‘ಇಲ್ಲೇ ಇದೆ ಅಂತ ಹೇಗೆ ಗೊತ್ತು?’ ಎಂದು ಕೇಳಿದ್ದೆ. ಕೆಸರಿನ ಮೇಲಿನ ಎರಡು ಪುಟ್ಟ ತೂತು ತೋರಿಸಿದರು. ನೀರು ಎಳೆಯಲು ಒಂದು, ಬಿಡಲು ಒಂದು. ಅದನ್ನೇ ಪರೀಕ್ಷೆಯಲ್ಲಿ ಬರೆದೆ, ಸೊನ್ನೆ ಬಿತ್ತು. ನೋಟ್ಸಿನಲ್ಲಿ ಇರಲಿಲ್ಲವಂತೆ. ಆ ಸೊನ್ನೆ ನನಗೆ ಇವತ್ತಿಗೂ ಉರಿಯುತ್ತದೆ. ಕಡಲಿನ ಸದ್ದು ಕೇಳುತ್ತ ಬೆಳೆಯುವ ಮಕ್ಕಳು ಕಡಲನ್ನು ಸೆಲ್ಫಿಯ ಹಿನ್ನೆಲೆಯಾಗಿ ಮಾತ್ರ ಬಲ್ಲರು ಎಂದರೆ, ತಪ್ಪು ಮಕ್ಕಳದ್ದಲ್ಲ.

ಹುಣ್ಣಿಮೆಯ ಇಳಿತದ ಹೊತ್ತಿಗೆ ಮಗಳನ್ನು ನಿಮ್ಮೂರಿನ ದೀಪಸ್ತಂಭದ ಕೆಳಗಿನ ಬಂಡೆಗಳಿಗೆ ಕರೆದುಕೊಂಡು ಹೋಗಿ. ಪಾಚಿ ಜಾರುತ್ತದೆ, ಕೈ ಬಿಡಬೇಡಿ. ಎಲಿಸಿಯ ಕ್ಲೊರೊಟಿಕ ಅಲ್ಲಿ ಸಿಗದು. ಆದರೆ ಗುಂಡಿಯಲ್ಲಿ ನಿಂತ ನೀರಿನಲ್ಲಿ ಏನು ಹರಿದಾಡುತ್ತದೆ, ಏನನ್ನು ಮೇಯುತ್ತದೆ ಎಂದು ಅರ್ಧ ಗಂಟೆ ಕೂತು ನೋಡಲಿ. ಕಂಡದ್ದನ್ನು ಬರೆದು ಕಳಿಸಲಿ, ಮುಂದಿನ ಸಂಚಿಕೆಯ ಮಕ್ಕಳ ಪುಟದಲ್ಲಿ ಅವಳಿಗೆ ಜಾಗ ಇಟ್ಟಿದ್ದೇನೆ.